ಬಿಸಿಲಿಗೆ ಜಾಗವಿಲ್ಲದ ಕಚೇರಿ

ನಿಮ್ಮಜ್ಜನ ಅಜ್ಜನೂ ಹುಟ್ಟಿರದ ಕಾಲ. ಬಿಸಿಲನ್ನೇ ಹಾಸಿ ಬಿಸಿಲನ್ನೇ ಹೊದೆಯುವ ಒಂದೂರಿನಲ್ಲಿ ಗಾರೆ ಗವಿಯಪ್ಪ ಅಂತ ಒಬ್ಬನಿದ್ದನಂತೆ. ಸುಣ್ಣಕ್ಕೆ ಬೆಲ್ಲದ ನೀರು, ಅಳಲೇಕಾಯಿ ರಸ ಹಾಕಿ ಅವನು ಅರೆದ ಗಾರೆ ಕಲ್ಲಿಗಿಂತ ಗಟ್ಟಿಯಂತೆ. ಅವನ ಗೋಡೆಗೆ ಹಾಯ್ದ ಗೂಳಿ ಕೊಂಬು ಮುರಿದುಕೊಂಡಿತಂತೆ. ಅಷ್ಟಕ್ಕೇ ಬಿಟ್ಟರೆ ನಮ್ಮವರು ನಮ್ಮವರೇ ಅಲ್ಲ; ಸಿಡಿಲು ಸಹ ಆ ಗೋಡೆ ಕಂಡು ಪಕ್ಕದೂರಿಗೆ ಹೋಯಿತು ಅನ್ನುತ್ತಾರೆ.

ಆ ಸೀಮೆ ಆಳುವ ದೇಸಾಯರು ಅವನನ್ನು ಕರೆಸಿ, ಮೊಮ್ಮಕ್ಕಳ ಮೊಮ್ಮಕ್ಕಳೂ ಕೂತು ಕೆಲಸ ಮಾಡುವಂಥ ಕಚೇರಿ ಕಟ್ಟು ಅಂದರಂತೆ. ಗವಿಯಪ್ಪ ಮೊಳಗಟ್ಟಲೆ ದಪ್ಪದ ಗೋಡೆ ಎಬ್ಬಿಸಿದ. ಗಾಳಿ ಬರುವ ದಿಕ್ಕು ನೋಡಿ ಕಿಂಡಿ ಬಿಟ್ಟ. ನಡುಬೇಸಿಗೆಯಲ್ಲೂ ಒಳಗೆ ಬೀಸಣಿಗೆ ಬೇಡವಾಯಿತಂತೆ. ನನ್ನ ಕಚೇರಿಯೊಳಗೆ ಬಿಸಿಲಿಗೆ ಜಾಗವಿಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ.

ಕಚೇರಿ ಶುರುವಾದ ದಿನ ದೇಸಾಯರು ಅವನಿಗೆ ಜರಿ ರುಮಾಲು ಸುತ್ತಿದರು. ಅದೇ ಠೀವಿಯಲ್ಲಿ ಹೊರಗೆ ಬಂದರೆ, ಅಹವಾಲು ತಂದ ಜನ ಬಯಲಲ್ಲಿ ನಿಂತಿದ್ದಾರೆ. ಕರೆಯುವತನಕ ಒಳಗೆ ಬರುವಂತಿಲ್ಲ. ಅವರ ನಡುವೆ ಅವನ ಅಕ್ಕ ಹುಲಿಗೆವ್ವ. ತಾಯಿಯಿಲ್ಲದ ಅವನನ್ನು ಕಂಕುಳಲ್ಲಿ ಹೊತ್ತು ಸಾಕಿದವಳು. ಹೊಲದ ಬದುವಿನ ತಕರಾರು ಹೇಳಲು ಬಂದು, ಕಾದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ, ಒಂದು ಕಾಲು ಎತ್ತಿ ಒಂದು ಕಾಲು ಊರುತ್ತಾ ನಿಂತಿದ್ದಾಳೆ.

"ಬಿಸಲಿಗೂ ಒಳಗ ಜಾಗ ಇಲ್ಲ, ನಮಗೂ ಇಲ್ಲ. ಇಬ್ಬರೂ ಹೊರಗ ಅದೀವಿ ನೋಡ್, ತಮ್ಮಾ" ಅಂದಳಂತೆ. ಸಿಟ್ಟಿನಿಂದಲ್ಲ, ನಗುತ್ತಲೇ ಅಂದಳಂತೆ.

ಗವಿಯಪ್ಪನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಒಳಗೆ ಕೂರುವವರನ್ನಷ್ಟೇ ನೆನೆದು ಕಟ್ಟಿದ್ದ. ಹೊರಗೆ ಕಾಯುವವರು ಅವನ ತಲೆಗೇ ಬಂದಿರಲಿಲ್ಲ. ಇವರ ಮೊಮ್ಮಕ್ಕಳ ಮೊಮ್ಮಕ್ಕಳೂ ಇಲ್ಲಿ ಹೀಗೇ ಕಾಲು ಸುಟ್ಟುಕೊಂಡು ನಿಲ್ಲಬೇಕು, ಅಷ್ಟು ಗಟ್ಟಿಯಾಗಿ ಕಟ್ಟಿಬಿಟ್ಟೆನಲ್ಲ ಅಂತ ನಾಚಿಕೆಯಿಂದ ಕುಗ್ಗಿಹೋದ. ರುಮಾಲು ಬಿಚ್ಚಿ ಅಕ್ಕನ ಕಾಲ ಕೆಳಗೆ ಹಾಸಿದ.

ಮುಂದಿನ ಗೋಡೆ ಒಡೆದು ಕಾಯುವವರಿಗೆ ಪಡಸಾಲೆ ಮಾಡುತ್ತೇನೆ ಅಂತ ದೇಸಾಯರ ಕಾಲು ಹಿಡಿದನಂತೆ. ಗೋಡೆ ಒಡೆದರೆ ನಿನ್ನ ಹೆಸರೂ ಒಡೆಯುತ್ತದಲ್ಲೋ ಅಂದರು. ಒಡೆಯಲಿ ಅಂದ. ಆದರೆ ಅವನ ಗಾರೆ ಅವನಿಗೇ ಬಗ್ಗಲಿಲ್ಲ. ಹಾರೆ ಮೊಂಡಾಯಿತಂತೆ, ಅಂಗೈ ಸುಲಿಯಿತಂತೆ. ಯಾರನ್ನೂ ಹತ್ತಿರ ಬಿಡದೆ, ಅಳುತ್ತಾ ಒಬ್ಬನೇ ಒಡೆದನಂತೆ. ಪಡಸಾಲೆಯಲ್ಲಿ ಮೊದಲು ಕೂತವಳು ಹುಲಿಗೆವ್ವ. ಅವನು ಮಾತ್ರ ಸಾಯುವತನಕ ತಲೆಗೆ ರುಮಾಲು ಸುತ್ತಲಿಲ್ಲ.

ಈಗಲೂ ಆ ಸೀಮೆಯಲ್ಲಿ ಕಚೇರಿ ಕಟ್ಟುವ ಮುಂಚೆ ಗಾರೆಯವರು ಮಟಮಟ ಮಧ್ಯಾಹ್ನ ರುಮಾಲು, ಚಪ್ಪಲಿ ಬಿಟ್ಟು ಬಾಗಿಲು ಬರುವ ಜಾಗದ ಮುಂದೆ ನಿಲ್ಲುತ್ತಾರೆ. "ಕಾಲು ಸುಟ್ಟವೇನ್ರಪಾ?" ಅಂತ ಹಿರಿಯ ಕೇಳುತ್ತಾನೆ. "ಸುಟ್ಟವ್ರೀ" ಅಂದ ಮೇಲೆಯೇ ಪಾಯದ ಗುರುತಿಗೆ ದಾರ ಹಿಡಿಯುತ್ತಾರೆ. ಮೊದಲ ದಾರ ಪಡಸಾಲೆಗೆ.