ಹತ್ತರಲ್ಲೊಂದು ಪಾಲು

ಹೊಳೆಯ ದಡದ ಆಶ್ರಮದಲ್ಲಿ ಮರುಳಯ್ಯ ಎಂಬ ಗುರುಗಳು ಮದ್ದಿನ ವಿದ್ಯೆ ಕಲಿಸುತ್ತಿದ್ದರು. ಸೇರುವಾಗ ಏನನ್ನೂ ಕೇಳುತ್ತಿರಲಿಲ್ಲ. ಕಲಿತು ಹೋದವನು ಏಳು ವರ್ಷದವರೆಗೆ, ವರ್ಷಕ್ಕೊಮ್ಮೆ, ತನ್ನ ಸಂಪಾದನೆಯ ಹತ್ತರಲ್ಲೊಂದು ಪಾಲು ತಂದುಕೊಡಬೇಕು, ಅಷ್ಟೆ. ಬರೆದಿಡುವವರಿಲ್ಲ, ತೂಗಿ ನೋಡುವವರಿಲ್ಲ. ಎಂಥ ಕಾಲವಪ್ಪ ಅದು!

ಪಾಲಿನ ದಿನ ಆಶ್ರಮಕ್ಕೆ ಹಬ್ಬ. ಒಬ್ಬ ರಾಗಿ ತರುವನು, ಒಬ್ಬ ಬೆಲ್ಲ. ಇನ್ನೊಬ್ಬ ಮಹಾ ಪ್ರಾಮಾಣಿಕ, ರೋಗಿ ಕೊಟ್ಟ ಕುಂಬಳಕಾಯಿಯನ್ನು ಹತ್ತು ಹೋಳು ಮಾಡಿ ಒಂದನ್ನು ಬಟ್ಟೆಯಲ್ಲಿ ಕಟ್ಟಿ ತರುವನು. ಬಂದದ್ದನ್ನೆಲ್ಲ ಬೇಯಿಸಿ ಗುರುಗಳೇ ಬಡಿಸುತ್ತಿದ್ದರು.

ಆ ವರ್ಷ ಬೊಮ್ಮಣ್ಣ ಬಂದದ್ದು ಎಲ್ಲರೂ ಉಂಡು ಹೋದ ಮೇಲೆ. ಅವನು ಕಲಿತು ಹೋಗಿ ನಾಲ್ಕು ವರ್ಷವಾಗಿತ್ತು. ಕೈಯಲ್ಲಿ ಮದ್ದು ಕುಟ್ಟುವ ಕಲ್ಬತ್ತು ಮಾತ್ರ ಇತ್ತು, ಹೊರಡುವ ದಿನ ಗುರುಗಳು ಕೊಟ್ಟಿದ್ದು.

ಜಗಲಿಯ ಆ ಮೂಲೆಯಲ್ಲಿ ಅವನು ಬೇರು ಕುಟ್ಟುತ್ತ ಕೂರುತ್ತಿದ್ದ ಜಾಗ ಇನ್ನೂ ಸವೆದು ನುಣ್ಣಗಿತ್ತು. ಕುಟ್ಟುತ್ತಲೇ ತೂಕಡಿಸಿ ಬೈಸಿಕೊಳ್ಳುತ್ತಿದ್ದದ್ದು ನೆನಪಾಗಿ ಅವನಿಗೆ ಅಳು ಬಂತು.

"ಪಾಲು ತಂದಿಲ್ಲ ಗುರುಗಳೇ. ಮೂರು ತಿಂಗಳಿಂದ ಬಾಗಿಲು ಹಾಕಿದ್ದೇನೆ. ಈ ಕಲ್ಬತ್ತು ವಾಪಸ್ ತಗೊಳ್ಳಿ."

"ಏನಾಯಿತು?"

"ಗಾಣದ ನಿಂಗವ್ವನ ಮಗಳು. ಆರು ವರ್ಷದ ಕೂಸು. ಜ್ವರ ಇಳಿಸುತ್ತೇನೆ ಅಂತ ಮಾತು ಕೊಟ್ಟಿದ್ದೆ. ನನ್ನ ತೊಡೆಯ ಮೇಲೇ ಹೋಯಿತು."

"ಮದ್ದು ತಪ್ಪಿತ್ತೇ?"

"ಇಲ್ಲ. ನೀವು ಕಲಿಸಿದ್ದನ್ನೇ, ಕಲಿಸಿದ ಹಾಗೇ ಕೊಟ್ಟೆ."



"ಕೂಸಿನ ಹೆಸರು?"

"ಚೆನ್ನಿ."

ಗುರುಗಳು ಎದ್ದು ಹೊಳೆಗಿಳಿದರು. ಚೆನ್ನಿಯ ಹೆಸರು ಹೇಳಿ, ಮನೆಯವರು ಸತ್ತಾಗ ಮೀಯುವಂತೆ, ಉಟ್ಟ ಬಟ್ಟೆಯಲ್ಲೇ ಮೂರು ಸಲ ಮುಳುಗಿ ಎದ್ದರು.

ಬೊಮ್ಮಣ್ಣ ಗಾಬರಿಯಾದ. "ಇದೇನು ಗುರುಗಳೇ? ಆ ಕೂಸನ್ನು ನೀವು ಕಂಡವರೂ ಅಲ್ಲ!"

ಗುರುಗಳು ನಡುಗುತ್ತ ದಡಕ್ಕೆ ಬಂದರು. ಒದ್ದೆ ಕೈಯಿಂದಲೇ ಕಲ್ಬತ್ತು ಎತ್ತಿ ಅವನ ಮಡಿಲಿಗಿಟ್ಟರು.

"ಈ ನೋವೂ ನಿನ್ನ ಸಂಪಾದನೆಯೇ, ಮಗು. ನನ್ನ ಪಾಲು ತಗೊಂಡೆ. ಉಳಿದ ಒಂಬತ್ತು ಹೊತ್ತುಕೊಂಡು ಹೋಗು, ನಾಳೆ ಬಾಗಿಲು ತೆಗಿ."