ಗೋಡೆಯ ಆಚೆಯ ಹಾಡು

"ಯೇಸು ಸ್ವಾಮಿ ಬಂದಾದ ಮೇಲೂ ಯೆಹೂದ್ಯರ ಮನೆಬಾಗಿಲಿಗೆ ನಾವು ಮತ್ತೆ ಯಾಕೆ ಹೋಗಬೇಕು, ಉಪದೇಶಿಗಳೇ?"

ಕೇಳಿದವಳು ಸೆಲಿನಾ, ಚರ್ಚಿನ ಯುವಜನರ ಸಂಘದ ಮುಂದಾಳು. ಆರು ವಾರಗಳಿಂದ ಸಂಘದ ಹುಡುಗ ಹುಡುಗಿಯರು ಉಪದೇಶಿ ಚೌರಪ್ಪನವರ ಮುಂದೆ ಕೂತು, ತಾವು ಪೂಜೆಯಲ್ಲಿ ಹಾಡುವ ಕೀರ್ತನೆಗಳು ಮೊದಲು ಯಾರವು, ಯೆಹೂದ್ಯರಲ್ಲೇ ಹುಟ್ಟಿದ ಯೇಸು ಕಡೆಯ ಭೋಜನದಲ್ಲಿ ಮುರಿದ ರೊಟ್ಟಿ ಅವರ ಯಾವ ಹಬ್ಬದ್ದು ಎಂದು ಕಲಿಯುತ್ತಿದ್ದರು. ಕಲಿತಷ್ಟೂ ಸೆಲಿನಾಗೆ ಅಳುಕು ಹೆಚ್ಚಿತು. ಹೀಗೆ ಬುಡ ಕೆದಕುತ್ತ ಹೋದರೆ ತನ್ನ ವಿಶ್ವಾಸವೇ ಅಲುಗಾಡೀತು ಎಂದು ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ತರಗತಿ ಇಲ್ಲಿಗೇ ಸಾಕು ಎಂದು ಹೇಳಿ ಕೋಣೆಯ ಬೀಗದ ಕೈಯನ್ನು ಚೌರಪ್ಪನವರ ಮುಂದೆ ಇಟ್ಟಳು.

ಚೌರಪ್ಪನವರು ಅದನ್ನು ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನ ಪೂರ್ವಿಕರು ಆ ಊರಿಗೆ ದಿಕ್ಕಿಲ್ಲದೆ ಬಂದವರು. ಒಂದು ದೊಡ್ಡ ಮನೆಯ ಮಗ ಅವರನ್ನು ಕೈಹಿಡಿದು ಒಳಗೆ ಕರೆದು, ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಉಣಿಸಿದ್ದ. ಆ ಮಗನ ಪಟ ಈಗಲೂ ನಡುಮನೆಯಲ್ಲಿತ್ತು. ದಿನವೂ ಅದರ ಮುಂದೆ ದೀಪ ಹಚ್ಚುತ್ತಿದ್ದರು. ಮಗ ಬೇಕಾಗಿದ್ದ, ಮಗನ ಮನೆಯವರು ಬೇಡವಾಗಿದ್ದರು. ಯಾವನೋ ಮುತ್ತಜ್ಜ ಎರಡು ಮನೆಗಳ ನಡುವಿನ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿ, ಸುಣ್ಣ ಬಳಿಸಿ, ಆ ಕಡೆಯವರೆಲ್ಲ ಎಂದೋ ಸತ್ತುಹೋದರು ಎಂದು ಮಕ್ಕಳಿಗೆ ಹೇಳಿಬಿಟ್ಟಿದ್ದ.

ಆದರೆ ಪ್ರತಿ ಶುಕ್ರವಾರ ಹೊತ್ತು ಮುಳುಗುವಾಗ ಗೋಡೆಯ ಒಳಗಿನಿಂದ ಹಾಡು ಕೇಳುತ್ತಿತ್ತು. ಸತ್ತವರು ಹಾಡುತ್ತಾರೆಂದರೆ ಯಾರಿಗೆ ತಾನೇ ಮೈ ಜುಮ್ಮೆನ್ನುವುದಿಲ್ಲ? ಅದಕ್ಕೇ ಆ ಮನೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಗೋಡೆ ಹಾಡಲು ಶುರುಮಾಡಿದ ಕೂಡಲೇ ಎಲ್ಲರೂ ಪಟದ ಮುಂದೆ ಸೇರಿ ತಮ್ಮ ಹಾಡನ್ನು ಗಂಟಲು ಹರಿಯುವಂತೆ ಹಾಡಬೇಕು. ಆ ದನಿ ಕಿವಿಗೆ ಬೀಳಬಾರದು. ವ್ಯಾಪಾರಿಯೂ ಮಾತು ಬಂದಾಗಿನಿಂದ ಹೀಗೇ ಹಾಡಿ ಬೆಳೆದವನು. ಅದನ್ನು ಭಕ್ತಿ ಎಂದೇ ತಿಳಿದಿದ್ದ.

ಒಂದು ಶುಕ್ರವಾರ ಅವನ ಗಂಟಲು ಕಟ್ಟಿತು. ಮಿಕ್ಕವರು ಹಾಡುತ್ತಿದ್ದರು, ಅವನೊಬ್ಬ ಬಾಯಿ ಮುಚ್ಚಿಕೊಂಡು ಕೂತಿದ್ದ. ಬೇಡವೆಂದರೂ ಕಿವಿ ಗೋಡೆಯ ಕಡೆ ಹೋಯಿತು. ಗೋಡೆ ಹಾಡುತ್ತಿದ್ದದ್ದು ಅದೇ ಹಾಡು. ಗೋಡೆಯ ದನಿ ಒಂದು ಸಾಲು ಮುಂದಿತ್ತು. ಅವನ ಮನೆಯವರು ಪಾಠ ಒಪ್ಪಿಸುವ ಮಕ್ಕಳ ಹಾಗೆ ಹಿಂದೆ ಹಿಂದೆ ಹೇಳುತ್ತಿದ್ದರು.

ವಾರವೆಲ್ಲ ಅವನಿಗೆ ನಿದ್ದೆ ಹತ್ತಲಿಲ್ಲ. ಮುಂದಿನ ಶುಕ್ರವಾರ ಯಾರಿಗೂ ಹೇಳದೆ ಓಣಿಗಳನ್ನು ಸುತ್ತಿಕೊಂಡು ಗೋಡೆಯ ಆ ಕಡೆಗೆ ಹೋದ. ಪಾಳುಮನೆ ಇದ್ದೀತು ಎಂದುಕೊಂಡಿದ್ದ. ಕದ ತೆರೆದಿತ್ತು. ಒಳಗೆ ಎರಡು ದೀಪ ಉರಿಯುತ್ತಿದ್ದವು. ಮೇಜಿನ ಮೇಲೆ ಬಟ್ಟೆ ಮುಚ್ಚಿದ ರೊಟ್ಟಿ ಇತ್ತು. ಸುತ್ತ ಮಕ್ಕಳನ್ನು ಕೂರಿಸಿಕೊಂಡು ಒಬ್ಬ ಮುದುಕಿ ಹಾಡುತ್ತಿದ್ದಳು. ಅವಳು ಮುಖವೆತ್ತಿ ನೋಡಿದಾಗ ವ್ಯಾಪಾರಿ ಹೊಸ್ತಿಲಲ್ಲೇ ನಿಂತುಬಿಟ್ಟ. ಪಟದಲ್ಲಿದ್ದ ಮುಖವೇ ಅದು. ಅವೇ ಹುಬ್ಬು, ಅವೇ ಕಣ್ಣು.

ಅಷ್ಟರಲ್ಲಿ ಗೋಡೆಯ ಆಚೆಯಿಂದ ಅವನ ಮನೆಯವರ ಹಾಡು ಎದ್ದಿತು. ಈ ಕಡೆ ನಿಂತು ಅದನ್ನು ಅವನು ಎಂದೂ ಕೇಳಿರಲಿಲ್ಲ. ಕೇಳಿದರೆ ಭಯವಾಗುವಂತಿತ್ತು. ಮುದುಕಿ ತನ್ನ ಹಾಡನ್ನು ನಿಲ್ಲಿಸಲಿಲ್ಲ. ಆದರೆ ಮಕ್ಕಳು ಯಾರೂ ಹೇಳದೆಯೇ ಎದ್ದರು. ನೆಲದ ಹಲಗೆಯೊಂದನ್ನು ಸರಿಸಿ, ಸದ್ದಿಲ್ಲದೆ, ಒಬ್ಬರ ಹಿಂದೊಬ್ಬರು ನೆಲಮಾಳಿಗೆಗೆ ಇಳಿದರು. ಕಡೆಯ ಮಗು ಒಳಗಿನಿಂದಲೇ ಹಲಗೆಯನ್ನು ಮುಚ್ಚಿಕೊಂಡಿತು.

ಹಾಡು ಮುಗಿದ ಮೇಲೆ ವ್ಯಾಪಾರಿ ಕೇಳಿದ. "ಅಮ್ಮ, ಮಕ್ಕಳು ಯಾಕೆ ಕೆಳಗಿಳಿದರು?"

"ಆ ಕಡೆ ಹಾಡು ಜೋರಾದರೆ ಮಕ್ಕಳನ್ನು ಬಚ್ಚಿಡಬೇಕು ಅಂತ ನಮ್ಮಜ್ಜಿ ಹೇಳಿಕೊಟ್ಟಿದ್ದಾಳಪ್ಪ. ಹಿಂದೆಲ್ಲ ಹಾಡು ಮುಗಿಸಿದವರು ದೊಣ್ಣೆ ಹಿಡಿದು ಇಲ್ಲಿಗೆ ಬರುತ್ತಿದ್ದರಂತೆ."

ಆಮೇಲೆ ಅವಳು ಅವನಿಗೊಂದು ತುಂಡು ರೊಟ್ಟಿ ಕೊಟ್ಟು, ನೀನು ಯಾರ ಮನೆಯವನು ಎಂದು ವಿಚಾರಿಸಿದಳು.

ಚೌರಪ್ಪನವರು ಅಲ್ಲಿಗೆ ಕತೆ ನಿಲ್ಲಿಸಿದರು. ಸೆಲಿನಾ, ಅವನು ಮನೆಗೆ ಬಂದು ಗೋಡೆ ಒಡೆಸಿದನೋ ಇಲ್ಲವೋ ಎಂದು ಕೇಳಿದಳು.

ಅವರು ಬೀಗದ ಕೈಯನ್ನು ಅವಳ ಕಡೆಗೇ ಸರಿಸಿದರು.

"ಪಟದಲ್ಲಿರುವವನು ಅವತ್ತು ಆ ಮನೆಯ ಕೂಸಾಗಿದ್ದಿದ್ದರೆ, ಮಗಳೇ, ಅವನೂ ನಮ್ಮ ಹಾಡಿಗೆ ಹೆದರಿ ಆ ನೆಲಮಾಳಿಗೆಗೇ ಇಳಿಯುತ್ತಿದ್ದ."