ಹಿಂಬದಿಯ ಹಲಗೆ

ಕಾನ್ವೆಂಟಿನ ಪ್ರಾರ್ಥನಾಮಂದಿರದ ಹಳೆಯ ವಿದ್ಯುತ್ ಆರ್ಗನ್ನಿಗೆ ಒಂದು ಸ್ಪೀಕರ್ ಪೆಟ್ಟಿಗೆ ಜೊತೆಯಾಗಿತ್ತು. ಪೆಟ್ಟಿಗೆಯೊಳಗೆ ಸ್ವರ ಹೊರಡಿಸುವ ಒಂದು ಕಹಳೆ ರಬ್ಬರ್ ಬೆಲ್ಟಿನ ಎಳೆತಕ್ಕೆ ಸುತ್ತುತ್ತಿತ್ತು. ಆರ್ಗನ್ನಿನ ಸ್ವರ ಅಲೆಯಲೆಯಾಗಿ ಬರುತ್ತಿದ್ದುದು ಅದರಿಂದಲೇ. ಈಚೆಗೆ ಆ ಅಲೆ ಕುಂಟತೊಡಗಿತು. ಭಾನುವಾರದೊಳಗೆ ಸರಿಹೋಗದಿದ್ದರೆ ಎರಡೂ ಉಗ್ರಾಣಕ್ಕೆ ಎಂದರು ಮದರ್ ಸುಪೀರಿಯರ್.

ರಿಪೇರಿಯ ಬೋನಿಫಾಸ್ ಬಂದು ಆರ್ಗನ್ನನ್ನೂ ಪೆಟ್ಟಿಗೆಯನ್ನೂ ಕೇಳಿದ, "ನಿಮ್ಮಿಬ್ಬರಲ್ಲಿ ಯಾರಿಗೆ ಕಾಯಿಲೆ?"

"ಇವಳಿಗೆ," ಎಂದಿತು ಪೆಟ್ಟಿಗೆ.

ಒಳಗಿದ್ದ ಬೆಲ್ಟ್ ಪೆಟ್ಟಿಗೆಗೆ ಮಾತ್ರ ಕೇಳುವಂತೆ ಹೇಳಿತು: "ಸ್ವಾಮಿ, ನಾನು ಬಿರುಕು ಬಿಟ್ಟಿದ್ದೇನೆ. ನಿಮ್ಮ ಹಿಂಬದಿಯ ಹಲಗೆ ತೆಗೆಸಿ. ಬೇರೆ ಬೆಲ್ಟ್ ಹಾಕಲು ಹತ್ತು ನಿಮಿಷ ಸಾಕು."

"ಮೂವತ್ತು ವರ್ಷದ ಧೂಳಿದೆ, ಸತ್ತ ಜಿರಲೆಗಳಿವೆ. ಸಿಸ್ಟರುಗಳ ಎದುರು ಅದನ್ನೆಲ್ಲ ತೋರಿಸಲೇ? ಬಾಯಿ ಮುಚ್ಚು."

"ನನಗೇನೂ ಆಗಿಲ್ಲ, ಬೋನಿಫಾಸರೇ," ಎಂದಳು ಆರ್ಗನ್.

"ಕಾಯಿಲೆಯವರೆಲ್ಲ ಹಾಗೇ ಹೇಳುವುದು," ಎಂದು ಅವನು ಅವಳನ್ನೇ ಬಿಚ್ಚಿದ. ಸಂಜೆಯವರೆಗೂ ತಂತಿಗಳನ್ನು ಕಿತ್ತು ಮರಳಿ ಜೋಡಿಸಿದ. ಅವಳ ನಾಲ್ಕು ಸ್ವರಗಳು ಮತ್ತೆ ಏಳಲೇ ಇಲ್ಲ.

ಭಾನುವಾರ ಎರಡನೆಯ ಸ್ತುತಿಗೀತೆಯ ನಡುವೆ ಬೆಲ್ಟ್ ತುಂಡಾಯಿತು. ಮದರ್ ಉಗ್ರಾಣದ ಬೀಗದ ಕೈ ತರಿಸಿದರು.

ಹೊರುವವರು ಹಿಡಿತಕ್ಕೆಂದು ಪೆಟ್ಟಿಗೆಯ ಹಿಂಬದಿಯ ಹಲಗೆಯನ್ನು ಕಳಚಿದರು. ಮತ್ತೆ ಹಾಕುವ ಗೋಜಿಗೆ ಯಾರೂ ಹೋಗಲಿಲ್ಲ. ಅದರ ಧೂಳು ಈಗ ಉಗ್ರಾಣಕ್ಕೆ ಬಂದವರಿಗೆಲ್ಲ ಕಾಣುತ್ತದೆ. ಪಕ್ಕದಲ್ಲೇ ಆರ್ಗನ್ ಇದ್ದಾಳೆ. ಅವಳು ಅದರೊಡನೆ ಮಾತನಾಡುವುದಿಲ್ಲ.